ಹಳದಿ ದೀಪ, ಉಪ್ಪಿನಕಾಯಿ ವಾಸನೆ

ಮೆಹದಿಪಟ್ಟಣಂ, ಹೈದರಾಬಾದ್
18 ಅಕ್ಟೋಬರ್ 2012

ಪ್ರಿಯ ವಿಶಾಲಾಕ್ಷಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಭಾನುವಾರದ ಫೋನು ಅವ್ವನದು. ನಿನ್ನ ದ್ವೀಪದಲ್ಲಿ ಹೀರೇಕಾಯಿ ಸಿಗುತ್ತದೆಯೋ ಇಲ್ಲವೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಲೈನು ಸಮುದ್ರಕ್ಕೆ ಬಿದ್ದಿರುತ್ತದೆ. ಹಾಗಾಗಿ ಪತ್ರ, ಅದೂ ಪ್ರಾಸದ ಸಮೇತ:

ದೀಪ ಹತ್ತಿತು ಗಾಜಿನೊಳಗೆ, ಎಂಜಿನ್ನಿನ ಚಿತ್ರ;
ತಾಪ ತಾಳದೆ ಕೂತು ಬರೆದೆ ನಿನಗೆ ಈ ಪತ್ರ.

ಮೊನ್ನೆ ಮಂಗಳವಾರ ಫ್ಯಾಕ್ಟರಿಯಿಂದ ಬರುವಾಗ ಮಾಸಾಬ್ ಟ್ಯಾಂಕ್ ಸಿಗ್ನಲ್ಲಿನಲ್ಲಿ ನಿನ್ನ ಕಾರಿನ ಮೀಟರಿನ ಪಕ್ಕ ಹಳದಿ ದೀಪವೊಂದು ಹತ್ತಿತು. ಗಾಡಿ ಓಡುತ್ತದೆ, ಆದರೆ ಪೆಟ್ರೋಲನ್ನು ಮದುವೆ ಮನೆಯ ಬೀಗರಂತೆ ಕುಡಿಯುತ್ತದೆ. ಸರ್ವೀಸ್ ಸೆಂಟರಿಗೆ ಒಯ್ದೆ. ಬಾನೆಟ್ ತೆಗೆದರು. ಆಪರೇಷನ್ ನೋಡುವ ಧೈರ್ಯ ನನಗೆ ಇಲ್ಲವೆಂದು ನಿನಗೆ ಗೊತ್ತು. ಎದುರಿನ ಇರಾನಿ ಹೋಟೆಲಿಗೆ ಹೋಗಿ ಚಹ ಕುಡಿದು ಬಂದೆ. ಕಂಪ್ಯೂಟರ್ ಚುಚ್ಚಿ ನೋಡಿದರಂತೆ, 'ಆಕ್ಸಿಜನ್ ಸೆನ್ಸಾರ್ ಸರ್ಕ್ಯೂಟ್' ಎಂದು ಕೋಡ್ ಬಂತಂತೆ. ಸೆನ್ಸಾರ್ ಬದಲಿಸಬೇಕು, ಚೆನ್ನೈನಿಂದ ತರಿಸುತ್ತೇವೆ ಅಂದರು. ಸುತ್ತೋಲೆ ಬರೆದು ಸಂಬಳ ತಿನ್ನುವವನು ನಾನು, ತಲೆಯಾಡಿಸಿದೆ.

ಇನ್ನೊಂದು: ಎಸಿ ಹಾಕಿದರೆ ಗಾಡಿಯೊಳಗೆ ಉಪ್ಪಿನಕಾಯಿ ಭರಣಿ ತೆರೆದ ವಾಸನೆ. ಅವ್ವನ ಡಬ್ಬಿ ಚೆಲ್ಲಿರಬೇಕೆಂದು ಸೀಟಿನ ಕೆಳಗೆಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಅವಳನ್ನು ಕೇಳಲಿಲ್ಲ. ಶೋರೂಮಿನ ಬಾಗಿಲಲ್ಲಿ ಅವಳು ಬಂಪರಿಗೆ ಕಟ್ಟಿದ ನಿಂಬೆಕಾಯಿ ಮೆಣಸಿನಕಾಯಿ ಸರವನ್ನು ನೀನು ಬಿಚ್ಚಿಸಿದ ದಿನದಿಂದ ಗಾಡಿಯ ವಿಷಯದಲ್ಲಿ ಅವಳದು ಮೌನ.

ನಿನ್ನ ಹವಾಮಾನ ಇಲಾಖೆಯ ಫಾರ್ಮಿನ ಮಾತು ಕಳೆದ ವಾರ ಅರ್ಧಕ್ಕೆ ನಿಂತಿತು. ಜನವರಿ ಮುಗಿಯುವುದರೊಳಗೆ ಬರೆದುಕೊಡಬೇಕು, ಇನ್ನೂ ಎರಡು ವರ್ಷ ದ್ವೀಪದಲ್ಲೇ ಅಥವಾ ಹೈದರಾಬಾದಿಗೆ ವಾಪಸ್ ಅಂತ ನೀನು ಅಂದೆ. ನಾನು ಏನೂ ಹೇಳುವುದಿಲ್ಲ. ನಿನ್ನ ನೌಕರಿ, ನಿನ್ನ ಗಾಳಿ, ನಿನ್ನ ಬಲೂನು.

ನಲಿನಿ ಧಾರವಾಡದ ಹಾಸ್ಟೆಲಿನಲ್ಲಿ ಆರಾಮಿದ್ದಾಳೆ. ಅವಳ ಪತ್ರ ಬರುವುದಿಲ್ಲ, ಮಿಸ್ಡ್ ಕಾಲ್ ಬರುತ್ತದೆ.

ನಿನ್ನ,
ಗುರುಸಿದ್ದಪ್ಪ

---

ಮಿನಿಕಾಯ್
ಲಕ್ಷದ್ವೀಪ
2 ನವೆಂಬರ್ 2012

ನಲಿನಿಯ ಪಪ್ಪನಿಗೆ, ಶರಣು.

ಹಡಗು ಇವತ್ತು ಬಂತು, ನಿಮ್ಮ ಪತ್ರವೂ ಬಂತು. ಹಡಗು ಹೊರಡುವ ಮೊದಲು ಇದನ್ನು ಹಾಕಬೇಕು, ಚಿಕ್ಕದಾಗಿ ಬರೆಯುತ್ತೇನೆ.

ಸೆನ್ಸಾರ್ ಬದಲಿಸಬೇಡಿ. ಅದು ಸೈಲೆನ್ಸರ್ ಪೈಪಿನ ಬುಡದಲ್ಲಿ ಕೂತು, ಸುಟ್ಟ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆದು, ಎಂಜಿನ್ನಿನ ಕಂಪ್ಯೂಟರಿಗೆ ವರದಿ ಕೊಡುವ ಉಪಕರಣ. ನನ್ನಂಥದೇ ನೌಕರಿ. ಇಲ್ಲಿಂದ ನಾನು ಕಳಿಸಿದ ವರದಿ ದಿಲ್ಲಿಯಲ್ಲಿ ತಪ್ಪಾಗಿ ಕಂಡರೆ ನನ್ನನ್ನು ಬದಲಿಸುತ್ತಾರೆಯೇ? ಮೊದಲು ಲೈನು ನೋಡುತ್ತಾರೆ. ಕೋಡ್ 'ಸರ್ಕ್ಯೂಟ್' ಎಂದಿದೆ, ಸೆನ್ಸಾರ್ ಕೆಟ್ಟಿದೆ ಎಂದಿಲ್ಲ. ಸರ್ಕ್ಯೂಟ್ ಎಂದರೆ ಸೆನ್ಸಾರ್, ಅದರ ವೈರು, ನಡುವೆ ವೈರುಗಳನ್ನು ಜೋಡಿಸುವ ಕಪ್ಲರು, ಎಲ್ಲವೂ. ಕೋಡಿಗೆ ಒಂದು ನಂಬರ್ ಇರುತ್ತದೆ. ಬರೆದು ಕಳಿಸಿ.

ಹೀರೇಕಾಯಿ ಸಿಗುವುದಿಲ್ಲ. ಅತ್ತೆಯವರಿಗೆ ಸಿಗುತ್ತದೆ ಎಂದೇ ಹೇಳಿದ್ದೇನೆ.

ಅವರ ಮೊಣಕಾಲು ಹೇಗಿದೆ? ಆಸ್ಪತ್ರೆಗೆ ಆಟೋದಲ್ಲೇ ಹೋಗುತ್ತಾರೆಯೇ?

ಫಾರ್ಮು ಇನ್ನೂ ಬಂದಿಲ್ಲ. ನೀವು ಏನೂ ಹೇಳುವುದಿಲ್ಲ ಎಂದು ಬರೆದದ್ದನ್ನು ಓದಿದೆ.

ವಿಶಾಲಾಕ್ಷಿ

---

ಮೆಹದಿಪಟ್ಟಣಂ
9 ನವೆಂಬರ್ 2012

ಪ್ರಿಯ ವಿಶಾಲಾಕ್ಷಿ,

ನಿನ್ನಿಂದ ಉತ್ತರ ಬಂದಿಲ್ಲ, ಆದರೂ ಸಿಹಿಸುದ್ದಿ ತಡೆಯಲಾಗದು:

ಹಳೆಯ ಸೆನ್ಸಾರ್ ಬಿಚ್ಚಿದರು, ಹೊಸದು ಕೂರಿಸಿದರು;
ಹಳದಿ ದೀಪದ ಹಾವಳಿಯನು ಒಮ್ಮೆಗೇ ಆರಿಸಿದರು.

ಅಕ್ಟೋಬರ್ ಕೊನೆಗೆ ಭಾಗ ಬಂತು, ಹಾಕಿದರು, ದೀಪ ಹೋಯಿತು. ನಿಜ ಹೇಳಬೇಕೆಂದರೆ ಅದರ ಹಿಂದಿನ ದಿನವೇ ಅದು ತಾನಾಗಿ ಆರಿತ್ತು. ಆದರೆ ಭಾಗ ಬಂದಾಗಿತ್ತು, ಸರ್ವೀಸಿನವನ ಮುಖ ನೋಡಿ ಬೇಡವೆನ್ನಲು ಆಗಲಿಲ್ಲ. ಉಪ್ಪಿನಕಾಯಿ ವಾಸನೆಯೂ ಹೋಗಿದೆ.

ಅವ್ವನನ್ನು ಶನಿವಾರ ಶನಿವಾರ ಮೊಣಕಾಲಿನ ಕಸರತ್ತಿಗೆ ಗಾಡಿಯಲ್ಲೇ ಒಯ್ಯುತ್ತೇನೆ. ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅಪ್ಪಣೆ: "ಹಾರ್ನ್ ಹೊಡೀ, ಹಾರ್ನ್ ಹೊಡೀ, ಎಮ್ಮಿ ಹಂಗ ಸುಮ್ಮನ ಹೊಂಟೀಯಲ್ಲ." ನನ್ನ ಡ್ರೈವಿಂಗಿನ ಮೇಲೆ ಅವಳಿಗೆ ಕಾಸಿನಷ್ಟೂ ಭರವಸೆ ಇಲ್ಲ. ಆದರೂ ಕೂರುತ್ತಾಳೆ.

ದೀಪಾವಳಿ ಮಂಗಳವಾರ. ನೀನಿಲ್ಲದ ಮೊದಲ ದೀಪಾವಳಿ. ಹೋಳಿಗೆ ಅಂಗಡಿಯದು.

ನಿನ್ನ,
ಗುರುಸಿದ್ದಪ್ಪ

---

ಮೆಹದಿಪಟ್ಟಣಂ
17 ನವೆಂಬರ್ 2012

ಪ್ರಿಯ ವಿಶಾಲಾಕ್ಷಿ,

ಸೆನ್ಸಾರ್ ಬದಲಿಸಬೇಡಿ ಎಂಬ ನಿನ್ನ ಪತ್ರ, ಬದಲಿಸಿದ ಸೆನ್ಸಾರ್ ಮತ್ತೆ ಕೈಕೊಟ್ಟ ಮೇಲೆ ತಲುಪಿತು. ನಿನ್ನ ಹಡಗಿಗೆ ನನ್ನ ನಮಸ್ಕಾರ ಹೇಳು.

ಹಬ್ಬದ ಹಣತೆ ಆರುವ ಮೊದಲೇ ಇದೊಂದು ಹತ್ತಿತು;
ಅಬ್ಬರಿಸಿದ ಕವಿಯ ಬಾಯಿ ಅಲ್ಲಿಗೇ ಬತ್ತಿತು.

ಬುಧವಾರ, ಹಬ್ಬದ ಮರುದಿನ. ಸರ್ವೀಸ್ ಸೆಂಟರಿನವರು ಈಗ "ಕಂಪ್ಯೂಟರೇ ಬದಲಿಸಬೇಕಾದೀತು ಸಾರ್" ಅನ್ನುತ್ತಾರೆ. ಅವರಿಗೆ ಕೈಮುಗಿದು ರೈತು ಬಜಾರಿನ ಹಿಂದಿನ ಖಲೀಲ್ ಭಾಯ್ ಹತ್ತಿರ ಹೋದೆ. ಗ್ಯಾರೇಜು ಚಿಕ್ಕದು, ಮಾತು ದೊಡ್ಡದು. ಅವನ ಹತ್ತಿರವೂ ಕೋಡ್ ಓದುವ ಪೆಟ್ಟಿಗೆ ಇದೆ. ನಂಬರ್: ಪಿ 0132. ವೋಲ್ಟೇಜ್ ಜಾಸ್ತಿ ಅಂತ ಅರ್ಥವಂತೆ. ಅವನು ಬಾನೆಟ್ ತೆಗೆದು ತಲೆಬಾಗಿ ನೋಡಿ, ಆಮೇಲೆ ನನ್ನ ಮುಖ ನೋಡಿ ಕೇಳಿದ: "ಸಾಬ್, ಘರ್ ಮೇ ಅಮ್ಮಾ ಹೈಂ ಕ್ಯಾ?" ಇದ್ದಾಳೆ ಎಂದೆ. "ಅಚ್ಛಾ" ಅಂದ. ಗಾಡಿಗೂ ಮನೆಯ ಅಮ್ಮನಿಗೂ ಏನು ಸಂಬಂಧ? ಈ ಊರಿನ ಜನ ಹೀಗೆಯೇ, ಬೋಲ್ಟು ಬಿಚ್ಚುವ ಮೊದಲು ಸಂಸಾರ ವಿಚಾರಿಸುತ್ತಾರೆ.

ಉಪ್ಪಿನಕಾಯಿ ವಾಸನೆ ಮತ್ತೆ ಬಂದಿದೆ.

ನಿನ್ನ,
ಗುರುಸಿದ್ದಪ್ಪ

---

ಮಿನಿಕಾಯ್
4 ಡಿಸೆಂಬರ್ 2012

ನಲಿನಿಯ ಪಪ್ಪನಿಗೆ, ಶರಣು.

ನಿಮ್ಮ ಎರಡು ಪತ್ರಗಳೂ ಒಂದೇ ಚೀಲದಲ್ಲಿ ಬಂದವು. ಮೊದಲು ಸಂಭ್ರಮದ್ದು ಓದಿದೆ, ಆಮೇಲೆ ಬತ್ತಿದ್ದು.

0132 ಎಂದರೆ ಸೆನ್ಸಾರಿನ ವರದಿ ಬೇಕಾದ್ದಕ್ಕಿಂತ ಮೇಲೆ ಏರಿ ಅಲ್ಲೇ ನಿಂತಿದೆ. ಸರಿಯಿದ್ದಾಗ ಅದು ಒಂದು ವೋಲ್ಟಿನ ಒಳಗೇ ಮೇಲೆ ಕೆಳಗೆ ತೂಗಾಡುತ್ತಿರುತ್ತದೆ. ಆದರೆ ಅದೇ ಕಪ್ಲರಿನಲ್ಲಿ, ಬೆರಳಿನ ಅಗಲದ ಅಂತರದಲ್ಲಿ, ಸೆನ್ಸಾರನ್ನು ಬಿಸಿ ಮಾಡುವ ಬ್ಯಾಟರಿ ಲೈನೂ ಇದೆ. ಅದು ಹನ್ನೆರಡು ವೋಲ್ಟು. ನಡುವೆ ಒಂದಿಷ್ಟು ಒದ್ದೆಯಾದರೆ ದೊಡ್ಡದು ಚಿಕ್ಕದರೊಳಗೆ ಸೋರುತ್ತದೆ. ಕಂಪ್ಯೂಟರಿಗೆ ಅದು ಸೆನ್ಸಾರಿನದೇ ಮಾತು ಎಂದು ಕೇಳಿಸುತ್ತದೆ.

ದೀಪ ಹತ್ತಿರುವಾಗಲೇ ಖಲೀಲ್ ಭಾಯಿಗೆ ಹೇಳಿ: ಕಪ್ಲರ್ ಬಿಚ್ಚಿ, ಕಂಪ್ಯೂಟರ್ ಕಡೆಯ ವೈರಿಗೆ ಮೀಟರ್ ಹಿಡಿಯಲಿ. ಬಿಚ್ಚಿದ ಕೂಡಲೇ ವೋಲ್ಟೇಜ್ ಇಳಿದರೆ ವೈರೂ ಕಂಪ್ಯೂಟರೂ ಸರಿ ಇವೆ. ಆಮೇಲೆ ಕಪ್ಲರಿನ ಒಳಗಿನ ತಾಮ್ರದ ಕಾಲುಗಳ ಬಣ್ಣ ನೋಡಲಿ. ಹಸಿರಾಗಿದ್ದರೆ ನೀರು ಹೊಕ್ಕಿದೆ. ನೀವೂ ಪಕ್ಕದಲ್ಲಿ ನಿಂತು ನೋಡಿ. ಚಹಕ್ಕೆ ಹೋಗಬೇಡಿ.

ಅತ್ತೆಯವರು ನಿಮ್ಮ ಪಕ್ಕದಲ್ಲಿ ಕೂರುತ್ತಾರೆ ಎಂದು ತಿಳಿದು ಸಂತೋಷವಾಯಿತು. ನನ್ನ ಪಕ್ಕದಲ್ಲಿ ಒಮ್ಮೆ ಕೂತಿದ್ದರು, ನೆನಪಿದೆಯೇ? ತುಳಸಾಬಾಯಿಯವರ ಮನೆಯ ಮದುವೆಗೆ. ಸರೋಜಿನಿ ದೇವಿ ಆಸ್ಪತ್ರೆ ದಾಟುವ ಮೊದಲೇ "ಇಳಸವ್ವ" ಅಂದರು. ಇಳಿಸಿದೆ. ಆಟೋ ಹತ್ತಿದರು. ಮದುವೆ ಮನೆಯಲ್ಲಿ ಎಲ್ಲರೂ ನೋಡಿದರು, ನಾನು ಕಾರಿನಿಂದ ಇಳಿದದ್ದು, ಅವರು ಆಟೋದಿಂದ ಇಳಿದದ್ದು. ನಾನು ಏನೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಆಮೇಲೆ ಒಮ್ಮೆಯೂ ಕೂರಲಿಲ್ಲ.

ಈ ದ್ವೀಪ ವಾಸಿ. ಇಲ್ಲಿ ಎಲ್ಲರೂ ಸೈಕಲ್ಲು, ಪಕ್ಕದ ಸೀಟು ಎಂಬುದೇ ಇಲ್ಲ.

ಇಷ್ಟೆಲ್ಲ ಮಾಡಿಯೂ ದೋಷ ಸಿಗದಿದ್ದರೆ ಗಾಡಿ ಮಾರಿಬಿಡಿ. ಫಾರ್ಮು ಬಂದಿದೆ. ಮೇಜಿನ ಮೇಲೆ ವಾಯುಭಾರ ಮಾಪಕದ ಕೆಳಗೆ ಇಟ್ಟಿದ್ದೇನೆ, ಹಾರದಂತೆ.

ವಿಶಾಲಾಕ್ಷಿ

---

ಮೆಹದಿಪಟ್ಟಣಂ
20 ಡಿಸೆಂಬರ್ 2012

ವಿಶಾಲಾಕ್ಷಿ,

ನಿನ್ನ ಪತ್ರ ತಲುಪಿತು. ನೀನು ಹೇಳಿದಂತೆ ಮಾಡಿಸಿದೆ. ನವೆಂಬರ್ ಕೊನೆಗೆ ಆರಿದ್ದ ದೀಪ ಕಳೆದ ಶುಕ್ರವಾರ ಮತ್ತೆ ಹತ್ತಿತ್ತು, ಆದ್ದರಿಂದ ಪರೀಕ್ಷೆಗೆ ತೊಂದರೆಯಾಗಲಿಲ್ಲ.

ಕಪ್ಲರ್ ಬಿಚ್ಚಿದ ಕೂಡಲೇ ವೋಲ್ಟೇಜ್ ಇಳಿಯಿತು. ವೈರು ಸರಿ, ಕಂಪ್ಯೂಟರ್ ಸರಿ. ಒಳಗಿನ ಕಾಲುಗಳು ಹಸಿರಾಗಿದ್ದವಂತೆ, ಮೇಲೆ ಕೆಂಪು ಮೆತ್ತಿತ್ತಂತೆ. "ಅಂತೆ" ಯಾಕೆಂದರೆ ಅದೇ ಹೊತ್ತಿಗೆ ಆಫೀಸಿನಿಂದ ಫೋನು ಬಂದು ನಾನು ರಸ್ತೆಗೆ ಹೋಗಿದ್ದೆ. ಫೋನು ನಿಜವಾಗಿಯೂ ಬಂದಿತ್ತು.

ಖಲೀಲ್ ಭಾಯಿಗೂ ಇದು ಬಗೆಹರಿದಿಲ್ಲ. "ಬಾರಿಶ್ ನೈ, ಪಾನೀ ಕಾಂ ಸೇ ಆಯಾ?" ಎಂದು ಆಕಾಶ ನೋಡಿದ. ಮಳೆ ನಿಂತು ಎಷ್ಟೋ ವಾರವಾಯಿತು. ನೀರು ಎಲ್ಲಿಂದ ಬಂತು? ಬ್ರಷ್ಷಿನಿಂದ ತೊಳೆದು, ಗಾಳಿ ಹೊಡೆದು, ಮತ್ತೆ ಕೂರಿಸಿದ. ಹೊರಡುವಾಗ ಹೇಳಿದ: "ಅಮ್ಮಾ ಕಾ ಚೀಜ್ ಜೈಸಾ ಥಾ ವೈಸಾಚ್ ರಖ್ ದಿಯಾ ಸಾಬ್. ಹಮ್ ಉಸ್ಕು ಹಾತ್ ನೈ ಲಗಾತೆ." ಅಮ್ಮನದನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ, ನಾವು ಅದನ್ನು ಮುಟ್ಟುವುದಿಲ್ಲ ಅಂದ. ಮುಂದಿನ ಗಾಜಿನ ಹತ್ತಿರ ಅವ್ವ ಇಟ್ಟ ಬಸವಣ್ಣನ ಮೂರ್ತಿಯ ಮಾತಿರಬೇಕು.

ಮಾರುವ ವಿಷಯ. ನಮ್ಮ ಶಾಖೆಯ ಸೂಗಪ್ಪನವರು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಿದ್ದಾರೆ. ಸಂಕ್ರಾಂತಿಗೆ ಮೊದಲು ಬಂದು ನೋಡುತ್ತಾರೆ. ನಿನಗೆ ಬೇಡವೆಂದ ಮೇಲೆ ಇಲ್ಲಿ ಅದು ಯಾರಿಗೆ?

ಅವ್ವನಿಗೆ ಇನ್ನೂ ಹೇಳಿಲ್ಲ.

ಗುರುಸಿದ್ದಪ್ಪ

---

ಮಿನಿಕಾಯ್
31 ಡಿಸೆಂಬರ್ 2012

ನಲಿನಿಯ ಪಪ್ಪನಿಗೆ, ಶರಣು.

ಪ್ರಾಸವಿಲ್ಲದ ನಿಮ್ಮ ಪತ್ರವನ್ನು ಇದೇ ಮೊದಲು ಓದಿದ್ದು. ಎರಡು ಸಲ ತಿರುವಿ ನೋಡಿದೆ, ಹಿಂದೆ ಬರೆದಿದ್ದೀರೇನೋ ಎಂದು.

ಸೂಗಪ್ಪನವರಿಗೆ ಸ್ವಲ್ಪ ನಿಲ್ಲಲು ಹೇಳಿ.

ಇಲ್ಲಿನ ವಿಷಯ ಒಂದು ಬರೆಯುತ್ತೇನೆ, ಗಾಡಿಗೆ ಸಂಬಂಧವಿದೆ. ಅಮಾವಾಸ್ಯೆಗೂ ಹುಣ್ಣಿಮೆಗೂ ಸಮುದ್ರದ ನೀರು ನಮ್ಮ ವೀಕ್ಷಣಾಲಯದ ಕಾಂಪೌಂಡ್ ಗೋಡೆಯವರೆಗೆ ಏರುತ್ತದೆ. ದೋಣಿ ಎಳೆಯುವುದು, ಕಟ್ಟುವುದು, ಎಲ್ಲವೂ ಆ ಲೆಕ್ಕದ ಮೇಲೆ. ಹಾಗಾಗಿ ಇಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಅಮಾವಾಸ್ಯೆ ಯಾವತ್ತು ಎಂದು ಹೇಳುತ್ತಾರೆ. ನನಗೂ ಅದೇ ರೂಢಿಯಾಗಿದೆ. ನಿಮ್ಮ ಪತ್ರ ಓದುವಾಗ ಕಾಡಿದ್ದು ಇದು: ಮಹಾಲಯ ಅಮಾವಾಸ್ಯೆಯ ಮರುದಿನ ದೀಪ ಹತ್ತಿತು. ದೀಪಾವಳಿ ಅಮಾವಾಸ್ಯೆಯ ಮರುದಿನ ಹತ್ತಿತು. ಈ ತಿಂಗಳೂ ಅಮಾವಾಸ್ಯೆ ಗುರುವಾರ, ದೀಪ ಶುಕ್ರವಾರ. ಹುಣ್ಣಿಮೆಗೆ ಒಮ್ಮೆಯೂ ಇಲ್ಲ. ಚಂದ್ರ ಕಾರಣವಾಗಿದ್ದರೆ ಹುಣ್ಣಿಮೆಗೂ ಹತ್ತಬೇಕಿತ್ತು. ಚಂದ್ರನಲ್ಲ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಾತ್ರ ಏನು ಮಾಡುತ್ತಾರೆ?

ಹುಳಿ ವಾಸನೆ. ಕೆಂಪು ಮೆತ್ತಿದ್ದು ಕುಂಕುಮ. ಖಲೀಲ್ ಭಾಯ್ ಮುಟ್ಟದೆ ಬಿಟ್ಟದ್ದು ಬಸವಣ್ಣನಲ್ಲ. ಬಾನೆಟ್ ಒಳಗೆ ನಿಂಬೆಕಾಯಿ ಇದೆ. ನಿಮ್ಮನ್ನು ಬಿಟ್ಟು ಎಲ್ಲರೂ ಅದನ್ನು ನೋಡಿದ್ದಾರೆ. ನಿಮಗೆ ಗೊತ್ತಿದೆ ಎಂದುಕೊಂಡು ಎಲ್ಲರೂ ಸುಮ್ಮನಿದ್ದಾರೆ. ತಾಜಾ ಇದ್ದಾಗ ರಸ ಕಪ್ಲರಿಗೆ ಇಳಿಯುತ್ತದೆ, ದೀಪ ಹತ್ತುತ್ತದೆ. ಒಣಗಿದಾಗ ಆರುತ್ತದೆ. ನೀವು ಹೊಸ ಸೆನ್ಸಾರಿಗೆ ಪದ್ಯ ಬರೆಯುತ್ತೀರಿ.

ಎಳ್ಳಮಾವಾಸ್ಯೆ ಜನವರಿ ಹನ್ನೊಂದಕ್ಕೆ. ಬೆಳಿಗ್ಗೆ ಬೇಗ ಎದ್ದು ಪಾರ್ಕಿಂಗಿನಲ್ಲಿ ನಿಂತು ನೋಡಿ. ತಡೆಯಬೇಡಿ. ನಿಂಬೆಕಾಯಿಯಿಂದ ಗಾಡಿ ಕೆಟ್ಟಿತು ಎಂದು ಅವರಿಗೆ ಹೇಳಬೇಡಿ, ಯಾವತ್ತೂ. ಜಾಗ ಮಾತ್ರ ಬದಲಾಗಲಿ. ನೆದರು ಬೀಳುವುದು ಹೊರಗಿನಿಂದ. ಬಾನೆಟ್ ಒಳಗೆ ಯಾರ ಕಣ್ಣು ಬೀಳುತ್ತದೆ? ಮುಂದೆ, ಬಂಪರಿಗೆ ಕಟ್ಟಿದರೆ ಕಣ್ಣು ಹಾಕುವವರಿಗೆ ನೇರ ಕಾಣುತ್ತದೆ. ಇದು ನಾನು ಹೇಳಿದ್ದು ಎನ್ನಿ. ನಾನು ಬಿಚ್ಚುವುದಿಲ್ಲ ಎಂದೂ ಹೇಳಿ.

ಒಂದು ಮಾತ್ರ ನನಗೆ ತಿಳಿಯುತ್ತಿಲ್ಲ. ನನ್ನ ಪಕ್ಕದಲ್ಲಿ ಕೂರದವರು ನನ್ನ ಗಾಡಿಗೆ ಯಾಕೆ ಕಟ್ಟುತ್ತಾರೆ?

ಮತ್ತೆ, ಮಾರಿಬಿಡಿ ಎಂದು ಬರೆದದ್ದು ನೀವು ಬೇಡ ಎನ್ನುತ್ತೀರೆಂದು. ನೀವು ಗಿರಾಕಿ ಹುಡುಕಿದಿರಿ.

ಫಾರ್ಮು ತುಂಬಿಲ್ಲ.

ವಿಶಾಲಾಕ್ಷಿ

---

ಮೆಹದಿಪಟ್ಟಣಂ
13 ಜನವರಿ 2013

ಪ್ರಿಯ ವಿಶಾಲಾಕ್ಷಿ,

ನಿನ್ನ ಪತ್ರ ಎಳ್ಳಮಾವಾಸ್ಯೆಯ ಹಿಂದಿನ ದಿನ ಬಂತು. ನಿನ್ನ ಹಡಗಿಗೆ ಕೊಟ್ಟ ಬೈಗುಳ ವಾಪಸ್ ತೆಗೆದುಕೊಂಡಿದ್ದೇನೆ.

ಶುಕ್ರವಾರ ಬೆಳಕು ಹರಿಯುವಾಗ ಪಾರ್ಕಿಂಗಿನ ಕಂಬದ ಹಿಂದೆ ನಿಂತೆ. ಅವ್ವ ಬಂದಳು. ಕೈಯಲ್ಲಿ ತಟ್ಟೆ, ಕಾರಿನ ಕೀಲಿ. ಸ್ಟೇರಿಂಗಿನ ಕೆಳಗೆ ಕೈ ಹಾಕಿ ಬಾನೆಟ್ ಬಿಡಿಸಿದಳು. ನನಗೆ ಆ ಹಿಡಿಕೆ ಎಲ್ಲಿದೆಯೆಂದು ಇವತ್ತಿಗೂ ಹುಡುಕಬೇಕಾಗುತ್ತದೆ. ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ, ತಿರುಗಿಯೂ ನೋಡದೆ:

"ಗುರುಸಿದ್ದಾ, ಕಂಬದ ಹಿಂದ ನಿಂತ ಕೆಮ್ಮಾಕತ್ತೀಯಲ್ಲ, ಬಾ ಇಲ್ಲಿ. ಇದನ್ನ ಹಿಡಿ."

ಹಿಡಿದೆ. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ಎಂಜಿನ್ ನೋಡಿದೆ. ಅಲ್ಲಿ, ಮುಂಭಾಗದಲ್ಲೇ, ನಿನ್ನ ಕಪ್ಲರು. ಅದರ ರಬ್ಬರ್ ಹೊದಿಕೆಗೆ ಒಣಗಿ ಕರಕಲಾದ ಹಳೆಯ ನಿಂಬೆಕಾಯಿ. ಕಟ್ಟಿದ್ದಲ್ಲ, ಹೊಲಿದದ್ದು. ಕೌದಿ ಹೊಲಿಯುವ ದಪ್ಪ ದಾರದಿಂದ, ರಬ್ಬರಿನೊಳಗೆ ಸೂಜಿ ತೂರಿಸಿ, ಎರಡು ಸುತ್ತು, ಮೇಲೊಂದು ಗಂಟು.

"ಇದೇನವ್ವ?"

"ಲಿಂಬಿಕಾಯಿ. ಬಿ.ಎ. ಮಾಡ್ಯಾನ, ಲಿಂಬಿಕಾಯಿ ಗುರ್ತು ಹತ್ತವಲ್ದು."

"ಹೊಲದೀಯಲ್ಲ?"

"ಮೊದಲ ಸುಮ್ಮನ ಕಟ್ಟಿದ್ದೆ, ಜಾರಿ ಬಿತ್ತು. ಮಾನೋಮಿ ಅಮಾಸಿಗೆ ಹೊಲದೆ. ಗಟ್ಟಿ ಕುಂತೈತಿ ನೋಡು."

ಅಂದರೆ ನೀನು ಬರೆದ ಮಹಾಲಯ ಅಮಾವಾಸ್ಯೆಗೆ. ಗಟ್ಟಿಯಾಗಿಯೇ ಕೂತಿತ್ತು. ಹತ್ತಿಯ ದಾರ ರಸವನ್ನು ಹೀರಿ ಹೀರಿ ರಬ್ಬರಿನ ತೂತಿನಿಂದ ಒಳಕ್ಕೆ ಒಯ್ಯುತ್ತಿತ್ತು. ದೇವರ ಮುಂದಿನ ಬತ್ತಿ ಎಣ್ಣೆ ಎಳೆಯುವ ಹಾಗೆಯೇ. ಮಳೆ ಇಲ್ಲದೆ ನೀರು ಎಲ್ಲಿಂದ ಬಂತೆಂದು ಖಲೀಲ್ ಭಾಯಿಗೆ ಹೇಳಬೇಕು.

"ಒಳಗ ಯಾಕವ್ವ?"

"ಹೊರಗ ಕಟ್ಟಿದ್ರ ಆಕಿ ಬಿಚ್ಚತಾಳ. ಇಲ್ಲಿ ಆಕಿ ಕಣ್ಣಿಗೆ ಬೀಳೂದಿಲ್ಲ."

"ಆಕಿ ಇಲ್ಲೆಲ್ಲಿ ಅದಾಳ? ಸಮುದ್ರದಾಗ ಅದಾಳ."

"ಅದಕ್ಕ ಅಲ್ಲೇನ! ನಡು ನೀರಾಗ ಒಬ್ಬಾಕಿನ ಕುಂತಾಳ. ಅಲ್ಲಿಗೆ ಹೋಗಿ ಆಕಿ ಕೊರಳಿಗೆ ಕಟ್ಟಾಕ ಬರತೈತೇನು? ಆಕಿದು ಅಂತ ಇಲ್ಲಿ ಇರೂದು ಇದೊಂದ. ಇದಕ್ಕ ಕಟ್ಟಿದ್ರ ಆಕಿಗೆ ಮುಟ್ಟತೈತಿ."

ನಾನು ಮುಚ್ಚಳ ಹಿಡಿದುಕೊಂಡೇ ಕೇಳಿದೆ, ನಿನ್ನ ಪ್ರಶ್ನೆಯನ್ನೇ ನನ್ನ ಪ್ರಶ್ನೆ ಎಂಬಂತೆ:

"ಮತ್ತ ಆಕಿ ಗಾಡ್ಯಾಗ ಯಾಕ ಕುಂಡ್ರಲಿಲ್ಲ ನೀ? ತುಳಸಾಬಾಯಿ ಮನಿ ಮದವಿಗೆ ಹೋಗೂಮುಂದ ನಡುವ ಇಳದಿ."

ಅವ್ವ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. "ನಾ ಬಾಜೂಕ ಕುಂತರ ಆಕಿ ಕೈ ಗಡಗಡ ನಡಗತಿದ್ದು. ಮುಂದ ಬಸ್ಸು, ಹಿಂದ ಲಾರಿ. ನಾ ಇದ್ರ ಇಕಿ ಎಲ್ಯಾರ ಗುದ್ದತಾಳ, ಇಳದ್ರ ಆರಾಮ ಹೊಡೀತಾಳ ಅಂತ ಇಳದೆ. ಆಟೋದವಗ ಆ ಗಾಡಿ ಬೆನ್ನ ಬಿಡಬ್ಯಾಡಪಾ ಅಂದೆ. ಆಕಿ ಬೆನ್ನಿಗೇನ ಬಂದೆ ಮದವಿ ಮನಿತನ. ಭಾಳ ಚಂದ ಹೊಡದ್ಲು."

"ಇದನ್ನ ಆಕಿಗೆ ಹೇಳಬಾರದಾಗಿತ್ತೇನವ್ವ?"

"ನೀ ಕೈ ನಡಗಸ್ತಿ ಅಂತ ಮಂದಿ ಮುಂದ ಹೆಂಗ ಹೇಳ್ಲಿ?"

ನೆದರಿನ ವಾದ ಮುಂದಿಟ್ಟೆ. ಒಳಗೆ ಯಾರ ಕಣ್ಣೂ ಬೀಳುವುದಿಲ್ಲ, ಮುಂದೆ ಕಟ್ಟಬೇಕು ಎಂದೆ. ಸೂಜಿ ಕೈಯಲ್ಲಿ ಹಿಡಿದು ಯೋಚಿಸಿದಳು.

"ಇದು ನಿನ್ನ ಮಾತೋ ಆಕಿ ಮಾತೋ?"

"ಆಕಿದು. ಬರದಾಳ. ಬಿಚ್ಚೂದಿಲ್ಲ ಅಂತನೂ ಬರದಾಳ."

"ಹಂಗಾರ ಬರೋಬ್ಬರಿ ಐತಿ. ನಿಂದಾಗಿದ್ರ ಕೇಳತಿರಲಿಲ್ಲ."

ಬಂಪರಿಗೆ ಕಟ್ಟಿದಳು. ಹಳೆಯ ಹೊಲಿಗೆಯನ್ನು ನಾನು ಬಿಚ್ಚಿದೆ. ನಿನ್ನೆ ಖಲೀಲ್ ಭಾಯ್ ಹೊಸ ಕಪ್ಲರು ಹಾಕಿದ. ಕಾರಣ ಕೇಳಿ ಅವನು ಬಹಳ ಹೊತ್ತು ನಕ್ಕು, ಆಮೇಲೆ ಟೋಪಿ ಸರಿಮಾಡಿಕೊಂಡು, "ಹಮ್ ಸಮ್ಝೇ ಆಪ್ ಕು ಮಾಲೂಮ್ ಹೈ" ಅಂದ. ಗೊತ್ತಿದೆ ಎಂದುಕೊಂಡಿದ್ದನಂತೆ. ನೀನು ಬರೆದದ್ದೂ ಅದನ್ನೇ. ಗಾಡಿ ಕೆಟ್ಟದ್ದು ನಿಂಬೆಕಾಯಿಯಿಂದ ಎಂದು ಅವ್ವನಿಗೆ ತಿಳಿದಿಲ್ಲ, ತಿಳಿಯುವುದೂ ಇಲ್ಲ.

ಸೂಗಪ್ಪನವರು ನಿನ್ನೆ ಸಂಜೆ ಬಂದಿದ್ದರು. ಗಾಡಿ ಮಾರುವುದಿಲ್ಲ ಎಂದೆ. ಚಹ ಕುಡಿದು ಹೋದರು.

ಫಾರ್ಮಿನ ಬಗ್ಗೆ ಏನೂ ಹೇಳುವುದಿಲ್ಲ ಎಂದಿದ್ದೆ. ಹೇಳದಿದ್ದರೆ ನಿನಗೆ ಭಾರವಾಗುವುದಿಲ್ಲ ಎಂದುಕೊಂಡಿದ್ದೆ. ಈಗ ಹೇಳುತ್ತೇನೆ, ಪ್ರಾಸ ಹುಡುಕದೆ. ವಾಪಸ್ ಬಾ.

ಗುರುಸಿದ್ದಪ್ಪ

---

ಮಿನಿಕಾಯ್
27 ಜನವರಿ 2013

ನಲಿನಿಯ ಪಪ್ಪನಿಗೆ, ಶರಣು.

ಫಾರ್ಮು ಇದೇ ಹಡಗಿನಲ್ಲಿ ಹೋಗುತ್ತಿದೆ. ಎರಡು ಚೌಕಗಳಿದ್ದವು. ಕೆಳಗಿನದಕ್ಕೆ ಗುರುತು ಹಾಕಿದ್ದೇನೆ. ಅದರ ಎದುರು 'ಹೈದರಾಬಾದ್' ಎಂದು ಬರೆಯಬೇಕಿತ್ತು, ಬರೆದೆ. ಬೇಸಿಗೆಯೊಳಗೆ ಆದೇಶ ಬರುತ್ತದೆ ಎನ್ನುತ್ತಾರೆ. ಕೊಚ್ಚಿಯಿಂದ ಸಿಕಂದರಾಬಾದಿಗೆ ರೈಲು.

ಅತ್ತೆಯವರು ಇಳಿದ ಕಾರಣ ಓದಿದೆ. ಕೈ ನಡುಗಿದ್ದು ನಿಜ. ಆದರೆ ಅವರಿಗೆ ಹೆದರಿ ಅಲ್ಲ, ಕ್ಲಚ್ಚಿಗೆ ಹೆದರಿ. ಕಲಿತು ಒಂದು ವಾರವೂ ಆಗಿರಲಿಲ್ಲ. ಅವತ್ತು ಕನ್ನಡಿಯಲ್ಲಿ ಒಂದು ಆಟೋ ಬಿಡದೆ ಹಿಂದೆಯೇ ಬರುತ್ತಿತ್ತು. ಯಾವನೋ ಪುಂಡ ಎಂದುಕೊಂಡು ಸಿಟ್ಟಿನಿಂದ ನೆಟ್ಟಗೆ ಹೊಡೆದೆ. ಅದಕ್ಕೇ ಚಂದ ಕಂಡಿರಬೇಕು.

ಮುಂದಿನ ಅಮಾವಾಸ್ಯೆ ಫೆಬ್ರವರಿ ಹತ್ತು. ದೀಪ ನೋಡಿ ಬರೆಯಿರಿ. ಹತ್ತದಿದ್ದರೂ ಬರೆಯಿರಿ. ಏನೂ ಆಗದಿದ್ದರೆ ಅದನ್ನೂ ದಾಖಲಿಸಬೇಕು, ನಮ್ಮಲ್ಲಿ ಹಾಗೆ.

ಪ್ರಾಸ ಬೇಕಿದ್ದರೆ ಹಾಕಿ.

ವಿಶಾಲಾಕ್ಷಿ

---

ಮೆಹದಿಪಟ್ಟಣಂ
13 ಫೆಬ್ರವರಿ 2013

ಪ್ರಿಯ ವಿಶಾಲಾಕ್ಷಿ,

ಭಾನುವಾರ ಅಮಾವಾಸ್ಯೆ. ಬಂಪರಿಗೆ ಹೊಸ ನಿಂಬೆಕಾಯಿ. ಸೋಮವಾರ ಫ್ಯಾಕ್ಟರಿ, ಮಂಗಳವಾರ ಫ್ಯಾಕ್ಟರಿ, ಇವತ್ತು ಅಬಿಡ್ಸ್ ಪೋಸ್ಟಾಫೀಸು. ದೀಪ ಹತ್ತಲಿಲ್ಲ. ವಾಸನೆ ಇಲ್ಲ. ಏನೂ ಆಗಲಿಲ್ಲ ಎಂದು ಈ ಮೂಲಕ ದಾಖಲಿಸಲಾಗಿದೆ.

ನೀನು ಬರುವ ಸುದ್ದಿ ಅವ್ವನಿಗೆ ಹೇಳಿದೆ. ಕೇಳಿಸಿಕೊಂಡು ಒಳಗೆ ಹೋದಳು, ಅಕ್ಕಿ ಆರಿಸುವ ಮೊರ ತಂದು ಕೂತಳು. ಅಕ್ಕಿ ಆರಿಸುತ್ತಲೇ ಕೇಳಿದಳು:

"ಟೇಶನ್ನಿಗೆ ಯಾರ ಹೋಗತೀರಿ?"

"ನಾ ಹೋಗತೀನಿ. ಗಾಡಿ ತಗೊಂಡು."

"ನಾನೂ ಬರತೀನಿ."

"ಸಿಕಂದರಾಬಾದ್ ತನಕ ಭಾಳ ಟ್ರಾಫಿಕ್ ಇರತೈತವ್ವ. ಆಕಿನ ಕರಕೊಂಡು ಮನಿಗೇ ಬರತೀನಲ್ಲ."

"ನೀ ಹೋಗೂಮುಂದ ಹೊಡೀ. ಬರೂಮುಂದ ಕೀಲಿ ಆಕಿ ಕೈಯಾಗ ಕೊಡು. ನಾ ಆಕಿ ಬಾಜೂಕ ಕುಂಡ್ರತೀನಿ."

"ಮತ್ತ ಆಕಿ ಕೈ ನಡಗಿದ್ರ?"

ಮೊರದಿಂದ ಒಂದು ಕಲ್ಲು ಹೆಕ್ಕಿ ನನ್ನ ಕಾಲಬುಡಕ್ಕೆ ಎಸೆದಳು.

"ನಡಗ್ಲಿ. ಆದ್ರ ಈ ಸಲ ನಾ ಇಳಿಯೂದಿಲ್ಲ."

ಹಿಂದಿನ ಸೀಟು ನನ್ನದಂತೆ. ಪದ್ಯ ಬರೆದುಕೊಂಡು ಕೂತಿರಬೇಕಂತೆ, ಗದ್ದಲ ಮಾಡಬಾರದಂತೆ.

ಗುರುಸಿದ್ದಪ್ಪ